ಒಂದನೆಯವನೂ 1390ನೆಯವನೂ

2023ರ ಏಪ್ರಿಲ್, ಮೇ ತಿಂಗಳಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಬೇಸ್‌ಬಾಲ್ ಅಭಿಮಾನಿಗಳಿಗೆ ಒಂದು ಸುಖದ ಸಂಕಟ. ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಅವರ ತಂಡ ಪೈರೇಟ್ಸ್‌ಗೆ ಲಾಟರಿಯಲ್ಲಿ ಮೊದಲ ಸರದಿ ಬಂದಿತ್ತು. ಇಡೀ ದೇಶದ ಹುಡುಗರಲ್ಲಿ ಯಾರನ್ನು ಬೇಕಾದರೂ ಮೊದಲು ಆರಿಸಿಕೊಳ್ಳಬಹುದು. ಆದರೆ ಯಾರನ್ನು?

ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಯ ಒಂದೇ ತಂಡದಲ್ಲಿ ಇಬ್ಬರಿದ್ದರು. ಪಾಲ್ ಸ್ಕೀನ್ಸ್ ಪಿಚರ್, ಅಂದರೆ ಚೆಂಡು ಎಸೆಯುವವನು. ಗಂಟೆಗೆ 160 ಕಿ.ಮೀ. ವೇಗದಲ್ಲಿ ಎಸೆಯುವುದು ಅವನಿಗೆ ದೊಡ್ಡ ಮಾತಲ್ಲ. ಡಿಲನ್ ಕ್ರೂಸ್ ಬ್ಯಾಟರ್. ಫ್ಲೋರಿಡಾ ಕಡೆಯಿಂದ ವ್ಯಾಟ್ ಲ್ಯಾಂಗ್‌ಫರ್ಡ್ ಎಂಬ ಇನ್ನೊಬ್ಬ ಬ್ಯಾಟರ್. ಜೊತೆಗೆ ಹೈಸ್ಕೂಲಿನ ಇಬ್ಬರು ಹುಡುಗರು, ಮ್ಯಾಕ್ಸ್ ಕ್ಲಾರ್ಕ್ ಮತ್ತು ವಾಕರ್ ಜೆಂಕಿನ್ಸ್. ಪಿಚರ್ ಬೇಡ, ಅವರ ಮೊಣಕೈ ಯಾವತ್ತು ಕೈ ಕೊಡುತ್ತದೋ ಗೊತ್ತಿಲ್ಲ ಎಂದು ಒಂದು ಗುಂಪು. ಇಂಥ ಪಿಚರ್ ಮತ್ತೆ ಸಿಗಲ್ಲ ಎಂದು ಇನ್ನೊಂದು ಗುಂಪು. ಪಿಚರ್ ಐದಾರು ದಿನಕ್ಕೊಮ್ಮೆ ಆಡುತ್ತಾನೆ, ಬ್ಯಾಟರ್ ದಿನವೂ ಆಡುತ್ತಾನಲ್ಲ ಎಂಬ ಲೆಕ್ಕಾಚಾರದವರೂ ಇದ್ದರು.

ನಮ್ಮಲ್ಲಿ ಐಪಿಎಲ್ ಹರಾಜಿಗೆ ಮುಂಚೆ ಆರ್‌ಸಿಬಿ ಅಭಿಮಾನಿಗಳು ಟೀ ಅಂಗಡಿಯಲ್ಲಿ ನಡೆಸುವ ವಾದ ನೆನಪಾಗುತ್ತದೆ, ಅಲ್ವಾ? ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಹರಾಜಿನಲ್ಲಿ ಕೊಂಡ ಆಟಗಾರ ಕೆಲವೇ ತಿಂಗಳಲ್ಲಿ ಮೈದಾನಕ್ಕೆ ಇಳಿಯುತ್ತಾನೆ. ಬೇಸ್‌ಬಾಲ್ ಡ್ರಾಫ್ಟಿನಲ್ಲಿ ಹರಾಜೇ ಇಲ್ಲ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿಗಳು, ಅವುಗಳಲ್ಲಿ ಯಾರು ಮೊದಲು ಎನ್ನುವುದಕ್ಕೆ ಲಾಟರಿ. 30 ತಂಡಗಳು ಒಂದಾದ ಮೇಲೊಂದು ಹೆಸರು ಹೇಳುತ್ತಾ ಹೋಗುತ್ತವೆ. ಆರಿಸಿದ ಹುಡುಗ ತಕ್ಷಣ ದೊಡ್ಡ ತಂಡಕ್ಕೆ ಬರುವುದಿಲ್ಲ. ಮೈನರ್ ಲೀಗ್‌ಗಳ ಮೆಟ್ಟಿಲು ಹತ್ತಬೇಕು. ಮೂರು ವರ್ಷ, ಐದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಬಹಳ ಮಂದಿ ಅಲ್ಲೇ ಉಳಿದುಬಿಡುತ್ತಾರೆ.

ಅಂದರೆ ಇಲ್ಲಿ ಆರಿಸುತ್ತಿರುವುದು ಇವತ್ತಿನ ಹುಡುಗನನ್ನಲ್ಲ, ಅವನೊಳಗೆ ಇರಬಹುದಾದ ಐದು ವರ್ಷದ ನಂತರದ ಆಟಗಾರನನ್ನು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮೊಳಕೆ ನೋಡಿ ಸಿರಿ ಹೇಳುವುದನ್ನೇ ಉದ್ಯೋಗ ಮಾಡಿಕೊಂಡವರು ಸ್ಕೌಟ್‌ಗಳು. ಅವರ ಕೆಲಸ ಎಷ್ಟು ಫಲಿಸುತ್ತದೆ ಎಂದು ನೋಡಲು 1965ರಿಂದ ಈಚೆಗೆ ಪ್ರತಿ ವರ್ಷದ ಪಟ್ಟಿಯೂ ನಮ್ಮ ಮುಂದಿದೆ. ಭವಿಷ್ಯ ಹೇಳುವವರ ಇಷ್ಟು ಉದ್ದದ, ಇಷ್ಟು ಪ್ರಾಮಾಣಿಕ ಲೆಕ್ಕಪುಸ್ತಕ ಬೇರೆ ಕಡೆ ಸಿಗುವುದು ಕಷ್ಟ.

ಸ್ಕೌಟ್‌ಗಳು ಅಂಕ ಕೊಡುವ ರೀತಿಯೇ ಮಜವಾಗಿದೆ. ನೂರಕ್ಕೆ ಇಷ್ಟು ಅಂತಿಲ್ಲ. 20ರಿಂದ 80ರವರೆಗೆ. ಮೇಜರ್ ಲೀಗಿನ ಸರಾಸರಿ ಆಟಗಾರನಿಗೆ 50. ಬ್ಯಾಟಿಗೆ ಚೆಂಡು ತಾಗಿಸುವ ಜಾಣ್ಮೆ, ಹೊಡೆತದ ಬಲ, ಓಟ, ಫೀಲ್ಡಿಂಗ್, ಎಸೆತ ಎಂಬ ಐದು ಗುಣಗಳಿಗೆ ಬೇರೆ ಬೇರೆ ಅಂಕ. 80 ಬಂದರೆ ಸಾವಿರಕ್ಕೊಬ್ಬ ಅಂತ ಅರ್ಥ. ಈಗ ಇದಕ್ಕೆ ಯಂತ್ರಗಳೂ ಸೇರಿವೆ. ರಾಡಾರ್ ಮತ್ತು ಕ್ಯಾಮೆರಾಗಳು ಚೆಂಡು ಎಷ್ಟು ಸುತ್ತು ತಿರುಗಿತು, ಬ್ಯಾಟಿನಿಂದ ಯಾವ ವೇಗದಲ್ಲಿ ಹಾರಿತು, ಯಾವ ಕೋನದಲ್ಲಿ ಏರಿತು ಎಲ್ಲವನ್ನೂ ಬರೆದಿಡುತ್ತವೆ.

ಇದರಲ್ಲಿ ಓಟ, ಎಸೆತದ ವೇಗ, ಹೊಡೆತದ ಬಲ ಸುಲಭ. ಸ್ಟಾಪ್‌ವಾಚ್ ಹಿಡಿದರೆ, ರಾಡಾರ್ ಗನ್ ತೋರಿಸಿದರೆ ಗೊತ್ತಾಗುತ್ತದೆ. ಅತ್ಯಂತ ಮುಖ್ಯವಾದದ್ದೇ ಅಳೆಯಲು ಬಾರದ್ದು, ಬ್ಯಾಟಿಗೆ ಚೆಂಡು ತಾಗಿಸುವುದು.

ಯಾಕೆ ಅಂತ ನೋಡಿ. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಮುಂದಿನ ಪ್ಲೇಟಿಗೆ 18.44 ಮೀಟರ್. ಕೈ ಚಾಚಿ ಮುಂದೆ ಹೆಜ್ಜೆಯಿಟ್ಟು ಬಿಡುವುದರಿಂದ ಚೆಂಡು ಹಾರುವ ದೂರ ಇನ್ನೂ ಕಮ್ಮಿ. ಗಂಟೆಗೆ 153 ಕಿ.ಮೀ. ವೇಗದ ಚೆಂಡು ಬಂದು ಮುಟ್ಟಲು ಬೇಕಾದ ಸಮಯ ಸುಮಾರು 0.4 ಸೆಕೆಂಡ್. ಬ್ಯಾಟ್ ಬೀಸುವುದಕ್ಕೇ 0.15 ಸೆಕೆಂಡ್ ಹೋಗುತ್ತದೆ. ಉಳಿದ ಕಾಲು ಸೆಕೆಂಡಿನಲ್ಲಿ ಚೆಂಡನ್ನು ಗುರುತಿಸಿ, ಅದು ತಿರುಗುತ್ತದೋ ಬೀಳುತ್ತದೋ ಊಹಿಸಿ, ಹೊಡೆಯಬೇಕೋ ಬಿಡಬೇಕೋ ತೀರ್ಮಾನಿಸಬೇಕು. ನಿಜ ಹೇಳಬೇಕೆಂದರೆ ಇದು ನೋಡಿ ಹೊಡೆಯುವುದಲ್ಲ, ಊಹಿಸಿ ಹೊಡೆಯುವುದು. ಹೈಸ್ಕೂಲಿನಲ್ಲಿ 130 ಕಿ.ಮೀ. ಚೆಂಡುಗಳನ್ನು ಆರಾಮಾಗಿ ಚಚ್ಚುವ ಹುಡುಗನ ಮಿದುಳು 155ರ ಎದುರು ಏನು ಮಾಡುತ್ತದೆ? ಅದನ್ನು ತಿಳಿಯಲು ಅವನನ್ನು 155ರ ಎದುರು ನಿಲ್ಲಿಸಬೇಕು. ಡ್ರಾಫ್ಟಿಗೆ ಮುಂಚೆ ಅದು ಸಾಕಷ್ಟು ಸಲ ಆಗುವುದಿಲ್ಲ. ಮೇಲಾಗಿ ಕಾಲೇಜಿನಲ್ಲಿ ಲೋಹದ ಬ್ಯಾಟು, ವೃತ್ತಿಪರ ಆಟದಲ್ಲಿ ಮರದ ಬ್ಯಾಟು. ಮರದ ಬ್ಯಾಟಿನಲ್ಲಿ ಆಡುವ ಕೇಪ್ ಕಾಡ್ ಬೇಸಿಗೆ ಲೀಗಿಗೆ ಸ್ಕೌಟ್‌ಗಳು ಮುಗಿಬೀಳುವುದು ಅದಕ್ಕೇ.

ಬರೀ ಕೈಯ ಬಲ ಸಾಲದು ಎನ್ನುವುದಕ್ಕೆ ಭಾರತದ್ದೇ ಒಂದು ಕತೆಯಿದೆ. 2008ರಲ್ಲಿ ಇಲ್ಲಿ ನಡೆದ ಒಂದು ಟಿವಿ ಸ್ಪರ್ಧೆಯಲ್ಲಿ ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಬೇಸ್‌ಬಾಲ್ ಎಸೆದು ಗೆದ್ದರು. (ಕ್ರಿಕೆಟಿನ ರಿಂಕು ಸಿಂಗ್ ಬೇರೆ.) ಅವರನ್ನು ಸೇರಿಸಿಕೊಂಡದ್ದೂ ಇದೇ ಪಿಟ್ಸ್‌ಬರ್ಗ್ ಪೈರೇಟ್ಸ್. ತೋಳಿನಲ್ಲಿ ಶಕ್ತಿಯಿತ್ತು, ಮೈನರ್ ಲೀಗಿನಲ್ಲಿ ಆಡಿದರು. ಮೇಜರ್ ಲೀಗ್ ತಲುಪಲಿಲ್ಲ. ಆಟದ ಗುರುತೇ ಇಲ್ಲದ ಕಡೆಯಿಂದ ಹೋಗಿ ಅಷ್ಟಾದರೂ ಆಡಿದ್ದು ನನ್ನ ಪ್ರಕಾರ ಸಣ್ಣ ಸಾಧನೆಯಲ್ಲ.

ಇನ್ನು ಅಂಕಿಅಂಶ. ಅಭಿಮಾನಿಗಳ ಜಗಳದಲ್ಲಿ ಜಾಸ್ತಿ ಹಾರಾಡುವುದು ಇದೇ. ಹತ್ತು ಸಲ ಬ್ಯಾಟ್ ಮಾಡಿ ಮೂರು ಸಲ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವುದು) ಗಳಿಸುವವನು ಒಳ್ಳೆಯ ಬ್ಯಾಟರ್. ಒಬ್ಬ ಹುಡುಗನ ನಿಜವಾದ ಸಾಮರ್ಥ್ಯ ಅಷ್ಟೇ ಇದೆ ಅಂದುಕೊಳ್ಳೋಣ. ಹೈಸ್ಕೂಲು ಸೀಸನ್ನಿನಲ್ಲಿ ಅವನಿಗೆ 80 ಅವಕಾಶ ಸಿಕ್ಕಿತು. 24 ಹಿಟ್ ಬರಬೇಕು. ಆದರೆ ಬರೀ ಅದೃಷ್ಟದ ಏರುಪೇರಿನಿಂದಲೇ ಅದು 16ಕ್ಕೆ ಇಳಿಯಬಹುದು, 32ಕ್ಕೂ ಏರಬಹುದು. 16 ಹಿಟ್ ಹೊಡೆದವನ ಸರಾಸರಿ 0.200, ಅವನನ್ನು ಯಾರೂ ತಿರುಗಿ ನೋಡುವುದಿಲ್ಲ. 32 ಹೊಡೆದವನದ್ದು 0.400, ಅವನ ಹಿಂದೆ ಸ್ಕೌಟ್‌ಗಳ ಸಾಲು. ಹುಡುಗ ಮಾತ್ರ ಒಬ್ಬನೇ!

ಸಾವಿರಾರು ಹುಡುಗರಲ್ಲಿ ಅತಿ ಹೆಚ್ಚು ಹೊಡೆದವನನ್ನು ಆರಿಸಿದರೆ ಏನಾಗುತ್ತದೆ ಗೊತ್ತಾಯಿತಲ್ಲ. ಅವನು ಪ್ರತಿಭಾವಂತ ಹೌದು, ಆ ವರ್ಷದ ಅದೃಷ್ಟವಂತನೂ ಹೌದು. ಮುಂದಿನ ವರ್ಷ ಪ್ರತಿಭೆ ಜೊತೆಗೆ ಬರುತ್ತದೆ, ಅದೃಷ್ಟ ಬರಲೇಬೇಕು ಅಂತಿಲ್ಲ. ಹುಡುಗನಿಗೆ ತಲೆ ತಿರುಗಿತು, ದುಡ್ಡು ಕೆಡಿಸಿತು ಅಂತ ಜನ ಮಾತಾಡಿಕೊಳ್ಳುತ್ತಾರೆ. ಅವನು ತನ್ನ ಸರಾಸರಿಯ ಕಡೆಗೆ ವಾಪಸ್ ಬಂದಿರುತ್ತಾನೆ, ಅಷ್ಟೇ.

ಹಾಗಾದರೆ ಸ್ಕೌಟ್‌ಗಳ ಪಟ್ಟಿಯೆಲ್ಲ ಸುಳ್ಳೇ? ಅಲ್ಲ. 1965ರಿಂದ 2020ರವರೆಗೆ ಮೊದಲನೆಯವರಾಗಿ ಆಯ್ಕೆಯಾದವರಲ್ಲಿ ಮೇಜರ್ ಲೀಗ್ ತಲುಪದವರು ಮೂವರೇ, 1966ರ ಸ್ಟೀವ್ ಚಿಲ್ಕಾಟ್, 1991ರ ಬ್ರಿಯನ್ ಟೇಲರ್ ಮತ್ತು 2014ರ ಬ್ರೇಡಿ ಐಕನ್. ಕೊನೆಯ ಸುತ್ತುಗಳಲ್ಲಿ ಆಯ್ಕೆಯಾದವರ ಕತೆ ಇದಕ್ಕೆ ಪೂರ್ತಿ ಉಲ್ಟಾ, ತಲುಪುವವರೇ ಅಪರೂಪ. ದೂರದಿಂದ ನೋಡಿದರೆ ಪಟ್ಟಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದನೆಯವನಿಗೂ ಐನೂರನೆಯವನಿಗೂ ಇರುವ ಅಂತರ ನಿಜ.

ಹತ್ತಿರ ಹೋದಾಗ ಪಟ್ಟಿ ಮಸುಕಾಗುತ್ತದೆ. ಒಂದನೆಯವನೋ ಎರಡನೆಯವನೋ, ಮೂರನೆಯವನೋ ನಾಲ್ಕನೆಯವನೋ ಅನ್ನುವಲ್ಲಿ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಅವರು ಇದನ್ನು ಅಮೆರಿಕನ್ ಫುಟ್‌ಬಾಲ್ ಡ್ರಾಫ್ಟಿನಲ್ಲಿ ಅಳೆದು ನೋಡಿದರು. ಒಂದೇ ಜಾಗದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ಹಿಂದೆಯೇ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ನೂರಕ್ಕೆ ಸುಮಾರು 52. ನಾಣ್ಯ ಚಿಮ್ಮಿದರೆ 50. ಸಿಇಟಿ ರ‍್ಯಾಂಕಿಂಗಿನಲ್ಲಿ ಏಳನೆಯವಳಿಗೂ ಎಂಟನೆಯವಳಿಗೂ ಬುದ್ಧಿಯಲ್ಲಿ ಏನು ವ್ಯತ್ಯಾಸ ಅಂತ ಕೇಳಿದ ಹಾಗೆ. ಅಭಿಮಾನಿಗಳು ಗಂಟಲು ಹರಿಯುವಂತೆ ವಾದ ಮಾಡುವುದು ಸರಿಯಾಗಿ ಈ ಜಾಗದಲ್ಲೇ, ಅಂದರೆ ಯಾರಿಗೂ ಏನೂ ಗೊತ್ತಾಗಲು ಸಾಧ್ಯವಿಲ್ಲದ ಜಾಗದಲ್ಲಿ. ಐನೂರನೆಯವನ ಬಗ್ಗೆ ಯಾರು ಜಗಳವಾಡುತ್ತಾರೆ?

ಆದರೆ ಐನೂರನೆಯವನ ಆಚೆಗೂ ಒಮ್ಮೊಮ್ಮೆ ಏನೋ ಇರುತ್ತದೆ. 2016ರ ಜುಲೈನಲ್ಲಿ ಬೇಸ್‌ಬಾಲಿನ ಮಹಾನ್ ಆಟಗಾರರಿಗೆ ಗೌರವ ಸಲ್ಲಿಸುವ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ಗೆ ಇಬ್ಬರು ಒಂದೇ ವೇದಿಕೆಯಲ್ಲಿ ಸೇರಿದರು. ಕೆನ್ ಗ್ರಿಫಿ ಜೂನಿಯರ್, 1987ರ ಡ್ರಾಫ್ಟಿನ ಮೊದಲ ಆಯ್ಕೆ. ಪಕ್ಕದಲ್ಲಿ ಮೈಕ್ ಪಿಯಾಜಾ, 1988ರ ಡ್ರಾಫ್ಟಿನ 62ನೇ ಸುತ್ತಿನ, 1390ನೇ ಆಯ್ಕೆ. ಡಾಡ್ಜರ್ಸ್ ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಅವನ ಅಪ್ಪನ ಗೆಳೆಯ. ಆ ದಾಕ್ಷಿಣ್ಯಕ್ಕೆ ಅವನ ಹೆಸರು ಹೇಳಿದ್ದು. ಆ ಹುಡುಗ ಮೊದಲು ಆಡುತ್ತಿದ್ದ ಜಾಗ ಬಿಟ್ಟು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಆಗುವುದನ್ನು ಕಲಿತ, 427 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ. ಅದರಲ್ಲಿ 396 ಕ್ಯಾಚರ್ ಆಗಿಯೇ. ಈಗ ಡ್ರಾಫ್ಟ್ 20 ಸುತ್ತಿಗೆ, ಸುಮಾರು 600 ಹೆಸರಿಗೆ ಮುಗಿದುಹೋಗುತ್ತದೆ. ಇವತ್ತಿನ ಪಿಯಾಜಾನ ಹೆಸರನ್ನು ಯಾರೂ ಕರೆಯುವುದೇ ಇಲ್ಲ.

ಮೈಕ್ ಟ್ರೌಟ್‌ನ ಕತೆ ನನಗೆ ಇನ್ನೂ ಇಷ್ಟ. 2009ರಲ್ಲಿ ಅವನಿಗಿಂತ ಮೊದಲು 24 ಹೆಸರು ಬಂದವು. ಅವನ ಊರು ನ್ಯೂ ಜೆರ್ಸಿಯ ಮಿಲ್‌ವಿಲ್. ಅಲ್ಲಿ ಚಳಿ ಬಿಡುವುದು ತಡ. ಫ್ಲೋರಿಡಾ, ಕ್ಯಾಲಿಫೋರ್ನಿಯಾದ ಹುಡುಗರು ವರ್ಷವಿಡೀ ಆಡುವಾಗ ಇವನನ್ನು ನೋಡಲು ಸಿಗುತ್ತಿದ್ದ ಪಂದ್ಯಗಳು ಕಮ್ಮಿ, ಎದುರಾಳಿಗಳೂ ಸಾಧಾರಣ. ಏಂಜಲ್ಸ್ ತಂಡದ ಸ್ಕೌಟ್ ಗ್ರೆಗ್ ಮೋರ್‌ಹಾರ್ಟ್ ಮಾತ್ರ ಅವನನ್ನು ಬಿಡಲಿಲ್ಲ. ಟ್ರೌಟ್‌ನ ಅಪ್ಪನ ಜೊತೆ ಮೈನರ್ ಲೀಗಿನಲ್ಲಿ ಆಡಿದ್ದ ಅವರಿಗೆ ಮನೆತನದ ಗುರುತಿತ್ತು. ಆಶ್ಚರ್ಯ ಏನೆಂದರೆ 24 ಮತ್ತು 25 ಎರಡೂ ಏಂಜಲ್ಸ್ ಸರದಿಯೇ, 24ರಲ್ಲಿ ಅವರು ಕರೆದದ್ದು ರಾಂಡಲ್ ಗ್ರಿಚಕ್ ಹೆಸರು! ಟ್ರೌಟ್ ಆಮೇಲೆ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನಾದ.

ಸ್ಕೌಟ್‌ಗಳಿಗೆ ಗೊತ್ತಾಗದ್ದು ದೇಹದ ಒಳಗೂ ಇರುತ್ತದೆ. ಮೊಣಕೈಯ ಒಳಭಾಗದ ಸಣ್ಣ ಅಸ್ಥಿರಜ್ಜು ಪ್ರತಿ ಎಸೆತದಲ್ಲೂ ಜಗ್ಗುತ್ತದೆ. ಹರಿದರೆ ದೇಹದ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಅಲ್ಲಿ ಹೊಲಿಯಬೇಕು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲು ಮಾಡಿದ ಈ ಶಸ್ತ್ರಚಿಕಿತ್ಸೆಗೆ ಡಾಕ್ಟರ ಹೆಸರಲ್ಲ, ರೋಗಿಯ ಹೆಸರೇ ಉಳಿಯಿತು. 2014ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಮೊದಲನೆಯವನಾಗಿ ಬ್ರೇಡಿ ಐಕನ್‌ನನ್ನು ಆರಿಸಿ, ಆಮೇಲೆ ವೈದ್ಯಕೀಯ ತಪಾಸಣೆಯಲ್ಲಿ ಮೊಣಕೈ ಬಗ್ಗೆ ಅನುಮಾನ ಬಂದು ಒಪ್ಪಂದ ಮುರಿದುಬಿತ್ತು. ಅಭಿಮಾನಿಗಳು ಬೈದರು. ಮುಂದಿನ ವರ್ಷ ಆ ಹುಡುಗನಿಗೆ ಅದೇ ಶಸ್ತ್ರಚಿಕಿತ್ಸೆ ಆಯಿತು. ಆಸ್ಟ್ರೋಸ್‌ಗೆ ಪರಿಹಾರವಾಗಿ ಸಿಕ್ಕ 2015ರ ಎರಡನೇ ಸರದಿಯಲ್ಲಿ ಬಂದವನು ಅಲೆಕ್ಸ್ ಬ್ರೆಗ್ಮನ್. ಅವನೊಂದಿಗೆ ತಂಡ ಎರಡು ಸಲ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗಿನ ಫೈನಲ್, ಗೆದ್ದಿತು. ಇದನ್ನು ಜಾಣತನ ಅನ್ನಬೇಕೋ ಅದೃಷ್ಟ ಅನ್ನಬೇಕೋ, ನೀವೇ ಹೇಳಿ.

ಹಾಗಂತ ಅಭಿಮಾನಿಗಳ ಮಾತು ಸುಮ್ನೆ ಹರಟೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ಒಂದು ದನಗಳ ಪ್ರದರ್ಶನದಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆಯಿತ್ತು. ಕಟುಕರು, ರೈತರು, ಏನೂ ಗೊತ್ತಿಲ್ಲದವರು ಎಲ್ಲ ಚೀಟಿ ಬರೆದರು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅವರು 787 ಚೀಟಿಗಳನ್ನು ಸಾಲಾಗಿ ಜೋಡಿಸಿ ನಟ್ಟನಡುವಿನದ್ದನ್ನು ತೆಗೆದರು: 1207 ಪೌಂಡ್. ನಿಜವಾದ ತೂಕ 1198. ಹೆಚ್ಚುಕಮ್ಮಿ 540 ಕಿಲೋ ಮಾಂಸದಲ್ಲಿ ತಪ್ಪಿದ್ದು ಬರೀ ನಾಲ್ಕು ಕಿಲೋ. ಒಬ್ಬ ಜಾಸ್ತಿ ಹೇಳುತ್ತಾನೆ, ಇನ್ನೊಬ್ಬ ಕಮ್ಮಿ ಹೇಳುತ್ತಾನೆ, ತಪ್ಪುಗಳು ಒಂದನ್ನೊಂದು ತಿಂದುಹಾಕುತ್ತವೆ.

ಆದರೆ ಇದಕ್ಕೆ ಒಂದು ಷರತ್ತಿದೆ. ಪಕ್ಕದವನ ಚೀಟಿ ನೋಡಿ ಬರೆಯಬಾರದು. ಇವತ್ತಿನ ಅಭಿಮಾನಿ ಓದುವುದು ನಾಲ್ಕೈದು ಪರಿಣತರ ಪಟ್ಟಿಗಳನ್ನು. ಆ ಪರಿಣತರೂ ಒಬ್ಬರನ್ನೊಬ್ಬರು ಓದುತ್ತಾರೆ. ಸಾವಿರ ಜನ ಒಂದೇ ಹೆಸರು ಹೇಳಿದರೂ ಅದು ಸಾವಿರ ಊಹೆಯಲ್ಲ, ಹೆಚ್ಚೆಂದರೆ ನಾಲ್ಕು. ಅದಕ್ಕೇ ಒಂಟಿ ಧ್ವನಿಯಲ್ಲಿ ಬೇರೆ ಹೆಸರು ಹೇಳುವ ತಲೆಹರಟೆಯ ಅಭಿಮಾನಿಯನ್ನು ಗುಂಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅವನ ಹೆಸರು ಹೆಚ್ಚಿನ ಸಲ ತಪ್ಪೇ ಇರಬಹುದು. ಆದರೂ ಅದು ಅವನೇ ಬರೆದ ಚೀಟಿ.

2023ರ ಜುಲೈ 9ರಂದು ಸಿಯಾಟಲ್‌ನಲ್ಲಿ ಪೈರೇಟ್ಸ್ ಸ್ಕೀನ್ಸ್ ಹೆಸರು ಕರೆಯಿತು. ಎರಡನೆಯವನು ಕ್ರೂಸ್. ಒಂದೇ ಕಾಲೇಜಿನವರು ಹೀಗೆ ಒಂದು, ಎರಡನೆಯವರಾಗಿ ಹೋದದ್ದು ಅದೇ ಮೊದಲು. ಲ್ಯಾಂಗ್‌ಫರ್ಡ್ ನಾಲ್ಕನೆಯವನಾಗಿ ಟೆಕ್ಸಸ್‌ಗೆ ಹೋದ. ಒಂದು ವರ್ಷ ತುಂಬುವ ಮೊದಲೇ, 2024ರ ಮೇ 11ರಂದು, ಸ್ಕೀನ್ಸ್ ಮೇಜರ್ ಲೀಗಿನಲ್ಲಿ ಎಸೆದ. ಆ ವರ್ಷದ ಅತ್ಯುತ್ತಮ ಹೊಸಬನಾದ. 2025ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೂ ಸರ್ವಾನುಮತದಿಂದ ಬಂತು. ಮೊಣಕೈಗೆ ಹೆದರಿದ್ದವರು ಸದ್ಯಕ್ಕೆ ಬಾಯಿ ಮುಚ್ಚಿಕೊಂಡಿದ್ದಾರೆ.

ಪೈರೇಟ್ಸ್ ಮಾತ್ರ ಆ ಎರಡೂ ವರ್ಷ ತನ್ನ ಗುಂಪಿನಲ್ಲಿ ಕೊನೆಯ ಸ್ಥಾನದಲ್ಲೇ ಉಳಿಯಿತು. ಕೊನೆಗೆ ಬಂದವರಿಗೆ ಡ್ರಾಫ್ಟಿನಲ್ಲಿ ಮುಂದಿನ ಸಾಲಿನ ಆಸೆ ಇದ್ದೇ ಇರುತ್ತದೆ. ಹಾಗಾಗಿ ಪಿಟ್ಸ್‌ಬರ್ಗ್‌ನಲ್ಲಿ ಮತ್ತೆ ಯಾವುದೋ ಹೈಸ್ಕೂಲು ಹುಡುಗನ ಹೆಸರು ಹಿಡಿದು ವಾದ ಶುರುವಾಯಿತು.