ಕನಸಿನಲ್ಲಿ ಕೈ ಎತ್ತುವ ಹಿರಿಯರು

"ನಸುಕಿನ್ಯಾಗ ಇವ್ರು ಬೈಕೋತ ಒದೀತಾರ್ರೀ ಡಾಕ್ಟ್ರ. ಎಬ್ಬಿಸಿದ್ರ, ನಾಯಿ ಬೆನ್ನ ಹತ್ತಿತ್ತು ಅಂತಾರ." ನವಲಗುಂದ, ಕುಂದಗೋಳ ಕಡೆಯಿಂದ ಹುಬ್ಬಳ್ಳಿಗೆ ತೋರಿಸಲು ಬರುವ ಹೆಣ್ಣುಮಕ್ಕಳು ಹೀಗೆ ಹೇಳುವುದುಂಟು. ಗಂಡನಿಗೆ ಅರವತ್ತು ದಾಟಿರುತ್ತದೆ, ಹಗಲಲ್ಲಿ ಸೌಮ್ಯ ಮನುಷ್ಯ. ನಮ್ಮ ಹತ್ತಿರ ಬರುವ ಹೊತ್ತಿಗೆ ತಾಯಿತ ಕಟ್ಟಿಸಿ ಆಗಿರುತ್ತದೆ.

ಇಲ್ಲಿ ಕೆಟ್ಟಿರುವುದು ಕನಸಲ್ಲ, ಕನಸು ಕಾಣುವಾಗ ಮೈಯನ್ನು ಹಿಡಿದಿಡುವ ವ್ಯವಸ್ಥೆ.

ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಸರಸರ ಓಡಾಡುತ್ತವೆ. ಇದೇ ರೆಮ್ ನಿದ್ದೆ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ಜಗತ್ತಿಗೆ ತಿಳಿಸಿದರು. ಕಥೆಯಂತೆ ಬಿಚ್ಚಿಕೊಳ್ಳುವ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಬೆಳಗಾಗುತ್ತಾ ಬಂದಂತೆ ಈ ಹಂತ ಉದ್ದವಾಗುತ್ತದೆ, ಹಾಗಾಗಿಯೇ ಗಲಾಟೆಯೂ ನಸುಕಿಗೇ ಜಾಸ್ತಿ.

ಆ ಹೊತ್ತಿನಲ್ಲಿ ಮೆದುಳು ಹೆಚ್ಚುಕಡಿಮೆ ಎಚ್ಚರದಲ್ಲಿದ್ದಷ್ಟೇ ಚುರುಕು. ಆದರೆ ಮೆದುಳಿನ ಕಾಂಡದಿಂದ ಇಳಿಯುವ ಸಂಕೇತಗಳು ಗ್ಲೈಸಿನ್, ಗಾಬಾ ಎಂಬ ರಾಸಾಯನಿಕಗಳ ಮೂಲಕ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಸುಮ್ಮನಾಗಿಸುತ್ತವೆ. ಕಣ್ಣಿನ ಸ್ನಾಯು, ಉಸಿರಾಟದ ವಪೆ ಇವಕ್ಕೆ ವಿನಾಯಿತಿ. ಕನಸಿನಲ್ಲಿ ಹೊಲದ ತುಂಬ ಓಡಿದರೂ ಹಾಸಿಗೆಯಲ್ಲಿ ಕಾಲು ಅಲ್ಲಾಡದಿರುವುದು ಇದರಿಂದ. ಫ್ರಾನ್ಸಿನ ಮಿಶೆಲ್ ಜುವೆ ಬೆಕ್ಕುಗಳಲ್ಲಿ ಆ ಭಾಗಕ್ಕೆ ಗಾಯ ಮಾಡಿ ನೋಡಿದಾಗ, ಅವು ನಿದ್ದೆಯಲ್ಲೇ ಎದ್ದು ಬೇಟೆಗೆ ಹೊಂಚು ಹಾಕುವಂತೆ ನಡೆದುಕೊಂಡವು.

ಎಚ್ಚರವಾದರೂ ಈ ಹಿಡಿತ ಕ್ಷಣಕಾಲ ಬಿಡದಿದ್ದರೆ "ಎದಿ ಮ್ಯಾಲ ಯಾರೋ ಕುಂತಂಗ" ಆಗುತ್ತದೆ. ನಿದ್ದೆಗೆಟ್ಟು ಓದುವ ಹುಡುಗರಲ್ಲಿ ಕಾಣುತ್ತೇವೆ. ಭಯವಾಗುತ್ತದೆ, ಅಪಾಯವಿಲ್ಲ.

ಹಿರಿಯರದನ್ನು ಹಾಗೆ ಬಿಡಬೇಡಿ. ಕೆಲವರಲ್ಲಿ ಖಿನ್ನತೆಯ ಮಾತ್ರೆಗಳಿಂದ ಹೀಗಾಗುತ್ತದೆ, ಆದ್ದರಿಂದ ಮಾತ್ರೆ ಚೀಟಿ ಮರೆಯದೆ ತನ್ನಿ. ಇನ್ನು ಹಲವರಲ್ಲಿ ಇದು ಕೈ ನಡುಗಿ ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮುಂಚಿನ ಸುಳಿವು. ವಾಸನೆ ತಿಳಿಯುತ್ತಿದೆಯೇ, ಮಲಬದ್ಧತೆ ಇದೆಯೇ, ಅಕ್ಷರ ಸಣ್ಣದಾಗಿದೆಯೇ ಎಂದು ನಾವು ಕೇಳುವುದು ಆ ಕಾರಣಕ್ಕೆ. ರಾತ್ರಿಯಿಡೀ ನಿದ್ದೆ ಪರೀಕ್ಷೆ ಮಾಡಿದರೆ ಕನಸಿನಲ್ಲಿ ಒದೆಯುವ ಈ ತೊಂದರೆ ಖಚಿತವಾಗುತ್ತದೆ. ಮನೆಯವರು ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಕೊಂಡು ಬಂದರೂ ಬಹಳ ಉಪಕಾರ.

ಮೆಲಟೋನಿನ್ ಅಥವಾ ಕ್ಲೊನಜೆಪಾಮ್‌ನಿಂದ ಬಹಳಷ್ಟು ಮಂದಿಯ ಒದೆತ ತಗ್ಗುತ್ತದೆ, ಆದರೆ ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಮಂಚ ಬಿಟ್ಟು ನೆಲದ ಮೇಲೆ ಹಾಸಿಗೆ ಹಾಸಿ, ಹತ್ತಿರದ ಗಾಜಿನ ಸಾಮಾನು ತೆಗೆಯಿರಿ. ಹೆಂಡತಿ ಸ್ವಲ್ಪ ದಿನ ಬೇರೆ ಹಾಸಿಗೆಯಲ್ಲಿ ಮಲಗಲಿ, ಅದಕ್ಕೆ ಮನೆಮಂದಿ ಬೇರೆ ಅರ್ಥ ಕಟ್ಟುವುದು ಬೇಡ.