ವರ್ಗಾವಣೆ ಪೂರ್ಣ, ಪುಟ ಮಾತ್ರ ಕಾಣೆ

ಫೈಲ್‌ಗಳನ್ನು ಸರ್ವರ್‌ಗೆ ಏರಿಸುವ ತಂತ್ರಾಂಶದ ಸಂದೇಶಪಟ್ಟಿಯಲ್ಲಿ 226 ಎಂಬ ಸಂಖ್ಯೆಯೂ ಅದರ ಪಕ್ಕದಲ್ಲಿ ವರ್ಗಾವಣೆ ಪೂರ್ಣಗೊಂಡಿತೆಂಬ ಒಕ್ಕಣೆಯೂ ಕಾಣಿಸಿಕೊಳ್ಳುತ್ತದೆ. ಆದರೆ ಬ್ರೌಸರ್ ತೆರೆದು ನೋಡಿದರೆ ಹಳೆಯ ಪುಟವೇ ಕುಳಿತಿರುತ್ತದೆ, ಇಲ್ಲವೇ ಪುಟ ಸಿಗಲಿಲ್ಲವೆನ್ನುವ 404 ಎಂಬ ಉತ್ತರ ಎದುರಾಗುತ್ತದೆ. ವೆಬ್ ಸರ್ವರ್‌ಗಳನ್ನು ನೋಡಿಕೊಳ್ಳುವ ನನ್ನ ಕೆಲಸದಲ್ಲಿ ‘ಫೈಲ್ ಹೋಗಿದೆ, ಪುಟ ಬರುತ್ತಿಲ್ಲ’ ಎಂಬ ದೂರನ್ನು ಕೇಳಿದಷ್ಟು ಬೇರಾವುದನ್ನೂ ಕೇಳಿಲ್ಲ. ದೂರುವವರೂ ನಿಜವನ್ನೇ ಹೇಳುತ್ತಿರುತ್ತಾರೆ, ತಂತ್ರಾಂಶವೂ ನಿಜವನ್ನೇ ಹೇಳಿರುತ್ತದೆ. 226 ಎಂಬ ಸಂಖ್ಯೆ ಖಾತರಿ ಕೊಡುವುದು ಬೈಟ್‌ಗಳು ಆ ಕಡೆ ತಲುಪಿದವು ಎಂಬುದಕ್ಕೆ ಮಾತ್ರ. ಅವು ತಕ್ಕ ಫೋಲ್ಡರ್‌ನಲ್ಲಿ, ತಕ್ಕ ಹೆಸರಿನಲ್ಲಿ, ವೆಬ್ ಸರ್ವರ್ ಓದಲು ಸಾಧ್ಯವಾಗುವ ಅನುಮತಿಯೊಂದಿಗೆ ಬಂದು ಕುಳಿತಿವೆಯೇ ಎಂಬುದನ್ನು ಅದು ಪರಿಶೀಲಿಸಿರುವುದಿಲ್ಲ.

ಪರಿಶೀಲಿಸುವ ಹೊಣೆಯೂ ಅದಕ್ಕಿಲ್ಲ. ಇಂತಹ ತಂತ್ರಾಂಶಗಳು ಫೈಲ್ ಸಾಗಿಸಲು ಅನುಸರಿಸುವ ನಿಯಮಾವಳಿಯಾದ ಎಫ್‌ಟಿಪಿಯ ಮೊದಲ ವಿವರಣೆಯನ್ನು ಅಭಯ್ ಭೂಷಣ್ ಅವರು ಅಮೆರಿಕದ ಎಂಐಟಿಯಲ್ಲಿದ್ದಾಗ 1971ರ ಏಪ್ರಿಲ್‌ನಲ್ಲಿ ಬರೆದರು. ವೆಬ್ ಎಂಬುದು ಹುಟ್ಟಿದ್ದು ಅದಾಗಿ ಸುಮಾರು ಎರಡು ದಶಕಗಳ ನಂತರ. ಒಂದು ಗಣಕದ ಫೈಲನ್ನು ಇನ್ನೊಂದಕ್ಕೆ ಸಾಗಿಸುವುದಷ್ಟೇ ಅದರ ಉದ್ದೇಶವಾಗಿತ್ತು, ಇಂದಿಗೂ ಅಷ್ಟೇ. ಸರ್ವರ್‌ನ ಒಳಗೆ ಫೈಲನ್ನು ಸ್ವೀಕರಿಸಿ ಡಿಸ್ಕ್‌ಗೆ ಬರೆಯುವ ಪ್ರೋಗ್ರಾಂ ಒಂದು, ಅದೇ ಡಿಸ್ಕ್‌ನಿಂದ ಫೈಲನ್ನು ಓದಿ ಓದುಗರಿಗೆ ಬಡಿಸುವ ಅಪಾಚೆ ಅಥವಾ ಎಂಜಿನ್‌ಎಕ್ಸ್‌ನಂತಹ ವೆಬ್ ಸರ್ವರ್ ಇನ್ನೊಂದು. ಇವೆರಡಕ್ಕೂ ಪರಸ್ಪರ ಮಾತುಕತೆಯೇ ಇಲ್ಲ. ಒಬ್ಬರು ಇಟ್ಟುಹೋಗುತ್ತಾರೆ, ಮತ್ತೊಬ್ಬರು ಬಂದು ಹುಡುಕುತ್ತಾರೆ. ಮುಂದೆ ಹೇಳಲಿರುವ ತೊಂದರೆಗಳಲ್ಲಿ ಹೆಚ್ಚಿನವು ಈ ಇಬ್ಬರ ನಡುವಿನ ಅಂತರದಲ್ಲಿಯೇ ಹುಟ್ಟುವಂಥವು.

ಮೊದಲನೆಯದು ಜಾಗದ ಪ್ರಶ್ನೆ. ಲಾಗಿನ್ ಆದೊಡನೆ ತಂತ್ರಾಂಶದಲ್ಲಿ ಸರ್ವರನ್ನು ತೋರಿಸುವ ಬಲಬದಿಯಲ್ಲಿ ತೆರೆದುಕೊಳ್ಳುವುದು ಸಾಮಾನ್ಯವಾಗಿ ಖಾತೆಯ ಹೋಮ್ ಫೋಲ್ಡರ್. ವೆಬ್ ಸರ್ವರ್ ಹುಡುಕುವುದು ಅದರೊಳಗಿನ ಒಂದು ಫೋಲ್ಡರ್‌ನಲ್ಲಿ; ಅದರ ಹೆಸರು ಪಬ್ಲಿಕ್_ಎಚ್‌ಟಿಎಂಎಲ್ ಎಂದೋ, ಎಚ್‌ಟಿಡಾಕ್ಸ್ ಎಂದೋ, ಬರಿಯ ಡಬ್ಲ್ಯುಡಬ್ಲ್ಯುಡಬ್ಲ್ಯು ಎಂದೋ ಇರುತ್ತದೆ. ಹೊಸಬರು ಹೋಮ್ ಫೋಲ್ಡರ್‌ನಲ್ಲಿಯೇ ಎಲ್ಲವನ್ನೂ ಸುರಿದು ಕಾಯುತ್ತಾರೆ. ಸ್ವಲ್ಪ ಅನುಭವವಿರುವವರು ಮಾಡುವ ತಪ್ಪು ಇನ್ನೊಂದು ಬಗೆಯದು: ತಮ್ಮ ಗಣಕದಲ್ಲಿರುವ ‘ಸೈಟ್’ ಎಂಬ ಫೋಲ್ಡರನ್ನು ಹಾಗೆಯೇ ಎಳೆದು ಪಬ್ಲಿಕ್_ಎಚ್‌ಟಿಎಂಎಲ್ ಒಳಕ್ಕೆ ಬಿಡುತ್ತಾರೆ, ಮುಖಪುಟ ಒಂದು ಮೆಟ್ಟಿಲು ಕೆಳಗೆ ಇಳಿದುಬಿಡುತ್ತದೆ. ಏರಿಸಬೇಕಾದದ್ದು ಫೋಲ್ಡರ್‌ನೊಳಗಿನ ಸಾಮಗ್ರಿಯನ್ನೇ ಹೊರತು ಫೋಲ್ಡರನ್ನಲ್ಲ. ವೆಬ್ ಸರ್ವರ್ ಕೊಡುವ ಉತ್ತರವನ್ನು ಇಲ್ಲಿ ಗಮನವಿಟ್ಟು ಓದಬೇಕು. 404 ಬಂದರೆ ಜಾಗವನ್ನೋ ಹೆಸರನ್ನೋ ಅನುಮಾನಿಸಬೇಕು. ಪ್ರವೇಶವಿಲ್ಲವೆನ್ನುವ 403 ಬಂದರೆ ಅನುಮತಿಯನ್ನು ನೋಡಬೇಕು, ಇಲ್ಲವೇ ಆ ಫೋಲ್ಡರ್‌ನಲ್ಲಿ ಮುಖಪುಟವಾಗಿ ತೆರೆದುಕೊಳ್ಳುವ ಇಂಡೆಕ್ಸ್ ಫೈಲ್ ಇದೆಯೇ ಎಂದು ಹುಡುಕಬೇಕು.

ಹೆಸರಿನ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ಸ್ವಂತ ಗಣಕದಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ವಿಂಡೋಸ್ ಸಾಮಾನ್ಯವಾಗಿ ದೊಡ್ಡ ಮತ್ತು ಸಣ್ಣ ಇಂಗ್ಲಿಷ್ ಅಕ್ಷರಗಳ ನಡುವೆ ಭೇದ ಎಣಿಸುವುದಿಲ್ಲ, ಹೆಚ್ಚಿನ ವೆಬ್ ಸರ್ವರ್‌ಗಳಲ್ಲಿರುವ ಲಿನಕ್ಸ್ ಎಣಿಸುತ್ತದೆ. ಕ್ಯಾಮೆರಾದಿಂದ ಬಂದ ಚಿತ್ರದ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂಬುದು ದೊಡ್ಡ ಅಕ್ಷರಗಳಲ್ಲಿದ್ದು, ಪುಟದ ಕೋಡ್‌ನಲ್ಲಿ ಅದನ್ನೇ ಸಣ್ಣ ಅಕ್ಷರಗಳಲ್ಲಿ ಬರೆದಿದ್ದರೆ, ಸರ್ವರ್‌ನ ಪಾಲಿಗೆ ಅವು ಎರಡು ಬೇರೆ ಫೈಲ್‌ಗಳು. ಪುಟದಲ್ಲಿ ಚಿತ್ರದ ಬದಲು ಮುರಿದ ಗುರುತು ಕಾಣುತ್ತದೆ. ಹೆಸರಿನ ನಡುವೆ ಖಾಲಿ ಜಾಗ ಬಿಡುವುದು, ವಿಳಾಸದಲ್ಲಿ ಮುಂಗೀಟಿನ (/) ಬದಲು ಹಿಂಗೀಟು (\) ಹಾಕುವುದು, ಚಿತ್ರದ ದಾರಿಯನ್ನು ಸ್ವಂತ ಗಣಕದ ಸಿ ಡ್ರೈವ್‌ನಿಂದಲೇ ಆರಂಭಿಸಿ ಬರೆಯುವುದು, ಇವೆಲ್ಲವೂ ಇದೇ ಜಾತಿಯ ತಪ್ಪುಗಳು. ವೆಬ್‌ಗೆ ಹೋಗುವ ಫೈಲ್‌ಗಳಿಗೆಲ್ಲ ಸಣ್ಣ ಅಕ್ಷರಗಳನ್ನೂ ಅಂಕಿಗಳನ್ನೂ ಅಡ್ಡಗೆರೆಯನ್ನೂ ಮಾತ್ರ ಬಳಸುವ ನಿಯಮವನ್ನು ನಾನು ನನ್ನ ತಂಡದಲ್ಲಿ ಹಾಕಿದ್ದೇನೆ. ಕಟ್ಟುನಿಟ್ಟು ಹೆಚ್ಚಾಯಿತೆಂದು ಕೆಲವರು ಗೊಣಗುತ್ತಾರೆ, ಗೊಣಗಲಿ.

ಅನುಮತಿಗಳ ವಿಷಯ ಸಂಖ್ಯೆಗಳಲ್ಲಿರುವುದರಿಂದ ಹಲವರು ಅದನ್ನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡಿರುತ್ತಾರೆ, ಆದರೆ ಲೆಕ್ಕ ಬಹಳ ಸರಳವಾದದ್ದು. ಓದುವುದಕ್ಕೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1. ಮೂರು ಅಂಕಿಗಳಲ್ಲಿ ಮೊದಲನೆಯದು ಫೈಲ್‌ನ ಒಡೆಯರಿಗೆ, ಎರಡನೆಯದು ಅವರ ಗುಂಪಿಗೆ, ಮೂರನೆಯದು ಉಳಿದೆಲ್ಲರಿಗೆ. ಹೀಗಾಗಿ 644 ಎಂದರೆ ಒಡೆಯರು ಓದಬಹುದು ಮತ್ತು ಬರೆಯಬಹುದು, ಉಳಿದವರು ಓದಬಹುದು ಮಾತ್ರ. ಸಾಮಾನ್ಯ ಪುಟಗಳಿಗೂ ಚಿತ್ರಗಳಿಗೂ ಇದು ಸಾಕು. ಫೋಲ್ಡರ್‌ಗಳಿಗೆ 755 ಬೇಕಾಗುತ್ತದೆ, ಏಕೆಂದರೆ ಫೋಲ್ಡರ್‌ನ ವಿಷಯದಲ್ಲಿ ಆ 1ರ ಅರ್ಥ ಅದನ್ನು ಹಾದು ಒಳಹೋಗುವ ಹಕ್ಕು. ಏನೂ ನಡೆಯದಿದ್ದಾಗ 777 ಹಾಕಿಬಿಡಿ ಎಂಬ ಸಲಹೆಯೊಂದು ಬಹುಕಾಲದಿಂದ ಓಡಾಡಿಕೊಂಡಿದೆ. ಪುಟ ಕಾಣಲಿಲ್ಲವೆಂಬ ಸಣ್ಣ ತೊಂದರೆಗೆ, ಆ ಗಣಕದಲ್ಲಿರುವ ಯಾವ ಬಳಕೆದಾರರೂ ಯಾವ ಪ್ರೋಗ್ರಾಂ ಕೂಡ ನಿಮ್ಮ ಫೈಲನ್ನು ತಿದ್ದಬಹುದೆಂಬ ದೊಡ್ಡ ತೊಂದರೆಯನ್ನು ಮದ್ದಾಗಿ ಕೊಡುವ ಈ ಸಲಹೆಯನ್ನು ನಾನು ಯಾರಿಗೂ ಕೊಟ್ಟಿಲ್ಲ. ಡೇಟಾಬೇಸ್‌ನ ಪಾಸ್‌ವರ್ಡ್ ಇರುವ ಫೈಲ್‌ಗಂತೂ ಸಾಧ್ಯವಾದಲ್ಲಿ 600 ಇರಬೇಕು, ಅದಕ್ಕಿಂತ ಒಳ್ಳೆಯದೆಂದರೆ ಅದು ಪಬ್ಲಿಕ್_ಎಚ್‌ಟಿಎಂಎಲ್‌ನ ಹೊರಗಿರಬೇಕು.

ಕೆಲವೊಮ್ಮೆ ಫೈಲ್ ಹೋಗುವುದೇ ಇಲ್ಲ. ಲಾಗಿನ್ ಆಗುತ್ತದೆ, ಸರ್ವರ್ 230 ಎಂದು ಉತ್ತರಿಸಿ ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಫೋಲ್ಡರ್‌ಗಳ ಪಟ್ಟಿ ಬರುವ ಜಾಗದಲ್ಲಿ ತಂತ್ರಾಂಶ ನಿಂತುಬಿಡುತ್ತದೆ. ಎಫ್‌ಟಿಪಿಯ ವಿಚಿತ್ರ ಸ್ವಭಾವ ಇಲ್ಲಿ ಹೊರಬೀಳುತ್ತದೆ: ಅದು ಆಜ್ಞೆಗಳಿಗೆ 21ನೇ ಪೋರ್ಟ್‌ನಲ್ಲಿ, ಅಂದರೆ ಗಣಕದ ಆ ಸಂಖ್ಯೆಯ ಬಾಗಿಲಿನಲ್ಲಿ, ಒಂದು ಸಂಪರ್ಕವನ್ನೂ, ಫೈಲ್‌ಗಳಿಗೂ ಪಟ್ಟಿಗಳಿಗೂ ಪ್ರತಿ ಬಾರಿ ಪ್ರತ್ಯೇಕವಾಗಿ ಇನ್ನೊಂದು ಸಂಪರ್ಕವನ್ನೂ ತೆರೆಯುತ್ತದೆ. ಹಳೆಯ ಆಕ್ಟಿವ್ ವಿಧಾನದಲ್ಲಿ ಈ ಎರಡನೆಯ ಸಂಪರ್ಕವನ್ನು ಸರ್ವರ್ ತಾನಾಗಿ ನಿಮ್ಮ ಗಣಕದತ್ತ ತೆರೆಯಲು ಹೊರಡುತ್ತದೆ, ನಿಮ್ಮ ಕಡೆಯ ರೌಟರ್ ಅಥವಾ ಫೈರ್‌ವಾಲ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಪ್ಯಾಸಿವ್ ವಿಧಾನದಲ್ಲಿ ಸರ್ವರ್ ಒಂದು ಪೋರ್ಟ್‌ನ ವಿವರ ಕೊಟ್ಟು ಕಾಯುತ್ತದೆ, ನಿಮ್ಮ ತಂತ್ರಾಂಶ ಅಲ್ಲಿಗೆ ಹೋಗುತ್ತದೆ. ಆ ವಿವರ ಸಂದೇಶಪಟ್ಟಿಯಲ್ಲಿಯೇ ಕಾಣುತ್ತದೆ: 227 ಎಂಬ ಉತ್ತರದ ಕೊನೆಯಲ್ಲಿ ಅಲ್ಪವಿರಾಮಗಳ ನಡುವೆ ಆರು ಸಂಖ್ಯೆಗಳಿರುತ್ತವೆ, ಮೊದಲ ನಾಲ್ಕು ಸರ್ವರ್‌ನ ಐಪಿ ವಿಳಾಸ, ಕೊನೆಯ ಎರಡರಿಂದ ಪೋರ್ಟ್. ಕೊನೆಯ ಎರಡು 195 ಮತ್ತು 80 ಆಗಿದ್ದರೆ, 195ನ್ನು 256ರಿಂದ ಗುಣಿಸಿ 80 ಕೂಡಿಸಿದಾಗ ಬರುವ 50000ನೇ ಪೋರ್ಟ್‌ಗೆ ಬನ್ನಿರೆಂದು ಸರ್ವರ್ ಕರೆಯುತ್ತಿದೆ ಎಂದರ್ಥ. ಸರ್ವರ್‌ನ ಫೈರ್‌ವಾಲ್‌ನಲ್ಲಿ ಆ ಪೋರ್ಟ್ ಮುಚ್ಚಿದ್ದರೆ ನೀವು ನಿಮ್ಮ ಗಣಕದಲ್ಲಿ ಏನು ಮಾಡಿದರೂ ಪಟ್ಟಿ ಬರುವುದಿಲ್ಲ. ತಿದ್ದಬೇಕಾದವರು ಆ ಕಡೆಯವರು. ಆ 227ರ ಒಂದು ಸಾಲನ್ನು ಪತ್ರದಲ್ಲಿ ಸೇರಿಸಿ ಕಳುಹಿಸಿದವರ ಸಮಸ್ಯೆ ನನ್ನಲ್ಲಿ ಐದು ನಿಮಿಷಕ್ಕೆ ಮುಗಿದದ್ದುಂಟು, ‘ಕನೆಕ್ಟ್ ಆಗುತ್ತಿಲ್ಲ’ ಎಂದಷ್ಟೇ ಬರೆದವರೊಂದಿಗೆ ಎರಡು ದಿನ ಓಲೆ ಓಡಾಡಿದ್ದೂ ಉಂಟು.

ಫೈಲನ್ನು ಇದ್ದಂತೆಯೇ ಸಾಗಿಸುವ ಬೈನರಿ ಮತ್ತು ಸಾಲಿನ ಕೊನೆಗಳನ್ನು ಬದಲಿಸಿ ಸಾಗಿಸುವ ಪಠ್ಯ ಎಂಬ ಎರಡು ವರ್ಗಾವಣೆ ವಿಧಾನಗಳ ಬಗೆಗೆ ಈಗ ಚಿಂತಿಸಬೇಕಾದ ಪ್ರಸಂಗ ಕಡಿಮೆ, ಆದರೂ ಒಂದು ಸಂಗತಿ ಹೇಳಿಯೇ ಮುಂದೆ ಹೋಗಬೇಕು. ವಿಂಡೋಸ್‌ನಲ್ಲಿ ಸಾಲಿನ ಕೊನೆಯನ್ನು 13 ಮತ್ತು 10 ಎಂಬ ಎರಡು ಬೈಟ್‌ಗಳು ಸೂಚಿಸುತ್ತವೆ, ಲಿನಕ್ಸ್‌ನಲ್ಲಿ 10 ಒಂದೇ. ಪಠ್ಯ ವಿಧಾನದಲ್ಲಿ ವಿಂಡೋಸ್‌ನಿಂದ ಲಿನಕ್ಸ್‌ಗೆ ಸಾಗುವ ಫೈಲ್‌ನಲ್ಲಿ ಆ ಜೋಡಿ ಎಲ್ಲಿ ಸಿಕ್ಕಿದರೂ 13 ಉದುರಿಹೋಗುತ್ತದೆ. ಬರಹಕ್ಕೆ ಇದರಿಂದ ಕೇಡಿಲ್ಲ, ಚಿತ್ರ ಕೆಡುತ್ತದೆ. ಪಿಎನ್‌ಜಿ ಎಂಬ ಚಿತ್ರ ಮಾದರಿಯನ್ನು ರೂಪಿಸಿದವರು ಇದನ್ನು ಮುಂಗಂಡು, ಪ್ರತಿ ಪಿಎನ್‌ಜಿ ಫೈಲ್‌ನ ಮೊದಲ ಎಂಟು ಬೈಟ್‌ಗಳಲ್ಲಿಯೇ 13, 10ರ ಜೋಡಿಯನ್ನೂ ಕೊನೆಯಲ್ಲಿ ಒಂಟಿ 10ನ್ನೂ ಬೇಕೆಂದೇ ಇಟ್ಟರು. ದಾರಿಯಲ್ಲಿ ಯಾರಾದರೂ ಸಾಲಿನ ಕೊನೆಗಳನ್ನು ಮುಟ್ಟಿದ್ದರೆ ಫೈಲ್‌ನ ತಲೆಬಾಗಿಲಲ್ಲೇ ಗೊತ್ತಾಗಲಿ ಎಂಬುದು ಅವರ ಎಣಿಕೆ.

ಮೇಲೆ ಎಫ್‌ಟಿಪಿಯ ಬಗೆಗೆ ಇಷ್ಟೆಲ್ಲ ಹೇಳಿದ್ದರೂ, ಆಯ್ಕೆಯಿದ್ದಲ್ಲಿ ಬರಿಯ ಎಫ್‌ಟಿಪಿಯನ್ನು ಬಳಸಬಾರದೆಂಬುದೇ ನನ್ನ ಅಭಿಪ್ರಾಯ. ಅದರಲ್ಲಿ ಬಳಕೆದಾರರ ಹೆಸರೂ ಪಾಸ್‌ವರ್ಡೂ ಯಾವ ಮುಸುಕೂ ಇಲ್ಲದೆ ಸಾಗುತ್ತವೆ. ನಡುದಾರಿಯಲ್ಲಿ ಕದ್ದು ನೋಡುವವರಿಗೆ ಓದಲು ಯಾವ ಶ್ರಮವೂ ಬೇಡ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಪಾಸ್‌ವರ್ಡ್‌ಗಳು ಕಳವಾದ ನಂತರವೇ ತಾತು ಯೂಲೊನೆನ್ ಅವರು 1995ರಲ್ಲಿ ಸಂಪರ್ಕವನ್ನು ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ರೂಪಿಸಿದ್ದು. ಅದರ ಮೇಲೆ ನಿಂತ ಎಸ್‌ಎಫ್‌ಟಿಪಿ 22ನೇ ಪೋರ್ಟ್‌ನ ಒಂದೇ ಸಂಪರ್ಕದಲ್ಲಿ ಎಲ್ಲವನ್ನೂ ಸಾಗಿಸುವುದರಿಂದ ಪ್ಯಾಸಿವ್, ಆಕ್ಟಿವ್ ಎಂಬ ರಗಳೆಯೂ ಇಲ್ಲ. ಹೆಸರಿನಲ್ಲಿ ಹತ್ತಿರವಿರುವ ಎಫ್‌ಟಿಪಿಎಸ್ ಬೇರೆಯದೇ ವ್ಯವಸ್ಥೆ. ಅದು ಹಳೆಯ ಎಫ್‌ಟಿಪಿಗೇ ಟಿಎಲ್‌ಎಸ್ ಎಂಬ ಗೂಢಲಿಪಿಯ ಮುಸುಕು ಹೊದಿಸಿದ್ದು. ಫೈಲ್ ಏರಿಸುವ ತಂತ್ರಾಂಶಗಳಾದ ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ ಎರಡೂ ಇವನ್ನೆಲ್ಲ ಬಲ್ಲವು. ಮೊದಲ ಬಾರಿ ಎಸ್‌ಎಫ್‌ಟಿಪಿಯಲ್ಲಿ ಸಂಪರ್ಕಿಸಿದಾಗ ಸರ್ವರ್‌ನ ಕೀಲಿಯ ಬೆರಳಚ್ಚನ್ನು, ಅಂದರೆ ಅದನ್ನು ಗುರುತಿಸುವ ಅಕ್ಷರಸಾಲನ್ನು, ತೋರಿಸಿ ನಂಬಬಹುದೇ ಎಂದು ಅವು ಕೇಳುತ್ತವೆ. ಹೋಸ್ಟಿಂಗ್‌ನವರು ಕೊಟ್ಟ ವಿವರದೊಂದಿಗೆ ಅದನ್ನು ಹೋಲಿಸಿ ನೋಡಬೇಕು. ಅದೇ ಸರ್ವರ್‌ಗೆ ಮುಂದೊಮ್ಮೆ ಬೇರೆ ಬೆರಳಚ್ಚು ಬಂದರೆ ಕಾರಣ ತಿಳಿಯುವವರೆಗೆ ಮುಂದುವರಿಯಬಾರದು. ಕ್ರೋಮ್ ಮತ್ತು ಫೈರ್‌ಫಾಕ್ಸ್ 2021ರಲ್ಲಿಯೇ ಎಫ್‌ಟಿಪಿಯನ್ನು ತಮ್ಮಿಂದ ತೆಗೆದುಹಾಕಿದವು.

ನಡೆಯುತ್ತಿರುವ ವೆಬ್‌ಸೈಟ್‌ನ ಮೇಲೆ ಕೆಲಸ ಮಾಡುವಾಗ ಏರಿಸುವ ಕ್ರಮಕ್ಕೂ ಬೆಲೆಯಿದೆ. ಮೊದಲು ಚಿತ್ರಗಳು, ನಂತರ ಪುಟದ ಅಂದವನ್ನು ನಿರ್ಧರಿಸುವ ಸಿಎಸ್‌ಎಸ್ ಸ್ಟೈಲ್‌ಶೀಟ್ ಮತ್ತು ಜಾವಾಸ್ಕ್ರಿಪ್ಟ್, ಕಡೆಗೆ ಅವನ್ನು ಬಳಸುವ ಪುಟಗಳು. ಇದು ತಿರುಗುಮುರುಗಾದರೆ ಆ ಕೆಲವು ನಿಮಿಷ ಬಂದವರಿಗೆಲ್ಲ ಅಂಗಿ ತೊಡದ ಪುಟ ಕಾಣುತ್ತದೆ. ಮುಖಪುಟವನ್ನು ನಾನು ಬೇರೊಂದು ಹೆಸರಿನಲ್ಲಿ ಏರಿಸಿ, ಅದರ ಗಾತ್ರ ಎರಡೂ ಕಡೆ ಒಂದೇ ಇರುವುದನ್ನು ನೋಡಿಕೊಂಡು, ಆಮೇಲೆ ಸರ್ವರ್‌ನಲ್ಲಿಯೇ ಹೆಸರು ಬದಲಿಸುತ್ತೇನೆ. ಡಿಸ್ಕ್‌ನ ಪಾಲು ತುಂಬಿದ್ದರಿಂದ ಸೊನ್ನೆ ಬೈಟ್‌ನ ಫೈಲ್ ಕುಳಿತು, ಇದ್ದ ಪುಟವೂ ಹೋಗಿ ಹೊಸದೂ ಬಾರದ ಸ್ಥಿತಿಯನ್ನು ಒಮ್ಮೆ ಕಂಡ ಮೇಲೆ ಬಂದ ಅಭ್ಯಾಸವಿದು. ಹಳೆಯ ಪ್ರತಿಯನ್ನು ಸರ್ವರ್‌ನಲ್ಲಿಯೇ ‘ಓಲ್ಡ್’ ಎಂಬ ಬಾಲ ಸೇರಿಸಿ ಬಿಡುವ ಪದ್ಧತಿಯೂ ಕೆಟ್ಟದ್ದೇ. ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಕೋಡ್ ಇರುವ ಫೈಲ್‌ನ ಹೆಸರಿನ ಕೊನೆ ಬದಲಾದರೆ ಸರ್ವರ್ ಅದನ್ನು ಚಲಾಯಿಸದೆ, ಒಳಗಿನ ಪಾಸ್‌ವರ್ಡ್ ಸಮೇತ ಬರಿಯ ಬರಹವಾಗಿ ಹೊರಗೆ ಕೊಟ್ಟುಬಿಡಬಹುದು.

ನನ್ನದೇ ಒಂದು ಎಡವಟ್ಟನ್ನೂ ಹೇಳಬೇಕು. ಎಡಗಡೆ ಸ್ವಂತ ಗಣಕ, ಬಲಗಡೆ ಸರ್ವರ್ ಎಂಬ ವಿನ್ಯಾಸಕ್ಕೆ ಕಣ್ಣು ಪಳಗಿದ ಮೇಲೆ ಕೈ ತಾನಾಗಿ ಓಡುತ್ತದೆ. ಒಂದು ಸಂಜೆ ಅರ್ಧ ದಿನ ಕೂತು ತಿದ್ದಿದ ಸ್ಟೈಲ್‌ಶೀಟನ್ನು ಏರಿಸಹೋಗಿ, ಬಲಗಡೆಯ ಹಳೆಯ ಫೈಲ್‌ನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದೆ. ಯಾವಾಗಲೂ ಮೇಲೆ ಬರೆಯಿರಿ ಎಂಬ ಆಯ್ಕೆಯನ್ನು ಅದಕ್ಕೆ ಸ್ವಲ್ಪ ಮೊದಲಷ್ಟೇ ನಾನೇ ಗುರುತು ಹಾಕಿದ್ದೆ. ಹಳೆಯದು ಕೆಳಗಿಳಿದು ಹೊಸದರ ಮೇಲೆ ಕುಳಿತಿತು, ವರ್ಗಾವಣೆ ಪೂರ್ಣಗೊಂಡಿತೆಂಬ ಸಂದೇಶವೂ ಬಂತು. ಸಂಪಾದಕ ತಂತ್ರಾಂಶದಲ್ಲಿ ಫೈಲ್ ಇನ್ನೂ ತೆರೆದೇ ಇದ್ದದ್ದರಿಂದ ಉಳಿಯಿತು. ಈಗ ತಾರೀಖು ಮತ್ತು ಗಾತ್ರಗಳನ್ನು ಹೋಲಿಸಿ ತೋರಿಸುವ ಪ್ರಶ್ನೆಪೆಟ್ಟಿಗೆಯನ್ನು ನಾನು ಎಂದೂ ಮುಚ್ಚಿಸುವುದಿಲ್ಲ.

ಇಷ್ಟಾದ ಮೇಲೂ ಹಳೆಯ ಪುಟವೇ ಕಂಡರೆ ಮೊದಲು ಬ್ರೌಸರ್‌ನ ಸಂಗ್ರಹವನ್ನು ಅನುಮಾನಿಸಿ, ಕಂಟ್ರೋಲ್ ಮತ್ತು ಎಫ್5 ಒತ್ತಿ ಹೊಸದಾಗಿ ತರಿಸಿಕೊಳ್ಳಬೇಕು. ಅದಕ್ಕೂ ಜಗ್ಗದಿದ್ದರೆ ನಾನು ಮಾಡುವುದು ಇಷ್ಟು: ಒಂದೇ ಸಾಲಿನ ಪಠ್ಯ ಫೈಲೊಂದನ್ನು, ಅದರೊಳಗೆ ಆಗಿನ ಗಂಟೆ ನಿಮಿಷ ಬರೆದು, ಇಂಡೆಕ್ಸ್ ಪುಟದ ಪಕ್ಕದಲ್ಲಿಯೇ ಏರಿಸಿ ಬ್ರೌಸರ್‌ನಲ್ಲಿ ಅದರ ಪೂರ್ಣ ವಿಳಾಸವನ್ನು ಟೈಪಿಸುತ್ತೇನೆ. ಆ ಸಾಲು ಕಂಡರೆ ಫೋಲ್ಡರ್ ಸರಿಯಾಗಿದೆ, ದೋಷವನ್ನು ಪುಟದಲ್ಲಿಯೋ ಸಂಗ್ರಹದಲ್ಲಿಯೋ ಹುಡುಕಬೇಕು. ಕಾಣದಿದ್ದರೆ ನಾವು ಬೇರೆ ಯಾವುದೋ ಫೋಲ್ಡರ್‌ಗೆ, ಕೆಲವೊಮ್ಮೆ ಬೇರೆ ಸರ್ವರ್‌ಗೇ, ಫೈಲ್‌ಗಳನ್ನು ಕಳುಹಿಸುತ್ತ ಕುಳಿತಿದ್ದೇವೆ. ಪರೀಕ್ಷೆ ಮುಗಿದ ಮೇಲೆ ಆ ಫೈಲನ್ನು ಅಳಿಸಬೇಕು. ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಯಾವುದೋ ಹಳೆಯ ಮಧ್ಯಾಹ್ನದ ಗಂಟೆ ನಿಮಿಷಗಳನ್ನು ಹೊತ್ತ ಅಂತಹ ಫೈಲ್‌ಗಳು ಈಗಲೂ ಆಗಾಗ ಸಿಗುತ್ತವೆ, ಅವುಗಳಲ್ಲಿ ಕೆಲವು ನನ್ನವೇ.