ಓಪನ್‌ಕಾರ್ಟ್ ಸ್ಥಾಪಿಸುವಾಗ 777 ಅನುಮತಿ ಕೊಡಬೇಕೆ?

ಪ್ರಶ್ನೆ: ಆನ್‌ಲೈನ್ ಮಳಿಗೆಯೊಂದನ್ನು ತೆರೆಯಲು ಲಿನಕ್ಸ್ ವೆಬ್ ಸರ್ವರ್‌ನಲ್ಲಿ ಓಪನ್‌ಕಾರ್ಟ್ ಸ್ಥಾಪಿಸುತ್ತಿದ್ದೇನೆ. ಕಡತಗಳನ್ನೆಲ್ಲ ಸರ್ವರ್‌ಗೆ ಏರಿಸಿ ಬ್ರೌಸರ್‌ನಲ್ಲಿ ತೆರೆದರೆ, ಕಾನ್ಫಿಗ್ (ಸಂರಚನಾ) ಕಡತಗಳಿಗೆ ಬರೆಯಲು ಆಗುತ್ತಿಲ್ಲ ಎಂಬ ಸೂಚನೆ ಬರುತ್ತದೆ. ಇಡೀ ಫೋಲ್ಡರ್‌ಗೆ 777 ಅನುಮತಿ ಕೊಟ್ಟುಬಿಟ್ಟರೆ ಸರಿಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ಹಾಗೆ ಮಾಡಬಹುದೇ? ಮಾಡಬಾರದೆಂದಾದರೆ ಸರಿಯಾದ ಕ್ರಮ ಯಾವುದು?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ; ತಾತ್ಕಾಲಿಕವಾಗಿಯೂ ಬೇಡ. 777 ಕೊಟ್ಟ ಕೂಡಲೇ ಸಾಮಾನ್ಯವಾಗಿ ಸ್ಥಾಪನೆ ಮುಂದುವರಿಯುವುದು ನಿಜ, ಆ ಸಲಹೆ ಇಷ್ಟೊಂದು ಹರಡಿರುವುದಕ್ಕೂ ಅದೇ ಕಾರಣ. ಆದರೆ ನೀವು ಕಾಣುತ್ತಿರುವ ತೊಡಕಿನ ಮೂಲ ಬಹುತೇಕ ಸಂದರ್ಭಗಳಲ್ಲಿ ಒಡೆತನದಲ್ಲಿರುತ್ತದೆ. ಕಡತಗಳು ನೀವು ಲಾಗಿನ್ ಆದ ಖಾತೆಯ ಹೆಸರಿನಲ್ಲಿವೆ, ಓಪನ್‌ಕಾರ್ಟ್‌ನ ಕೋಡ್ ಅನ್ನು ನಡೆಸುವ ಪಿಎಚ್‌ಪಿ ಮತ್ತೊಂದು ಖಾತೆಯ ಹೆಸರಿನಲ್ಲಿ ನಡೆಯುತ್ತಿದೆ. ಈ ಎರಡು ಖಾತೆಗಳ ಸಂಬಂಧವನ್ನು ಸರಿಪಡಿಸಿದರೆ ಸೂಚನೆ ತಾನಾಗಿ ಮಾಯವಾಗುತ್ತದೆ, ಮಳಿಗೆಯೂ ಸುರಕ್ಷಿತವಾಗಿರುತ್ತದೆ.

ಲಿನಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು ಇರುತ್ತವೆ, ಉಳಿದವರೆಲ್ಲ ಇತರರು. 777ರ ಮೂರು ಅಂಕಿಗಳು ಕ್ರಮವಾಗಿ ಈ ಮೂವರಿಗೆ ಸಂಬಂಧಿಸಿದವು. ಓದುವುದಕ್ಕೆ 4, ಬರೆಯುವುದಕ್ಕೆ 2, ಕಾರ್ಯಗತಗೊಳಿಸುವುದಕ್ಕೆ 1 ಎಂದು ಕೂಡಿಸಿದಾಗ 7 ಬರುತ್ತದೆ. ಎಂದರೆ 777 ಕೊಟ್ಟಾಗ ಆ ಸರ್ವರ್‌ನಲ್ಲಿರುವ ಯಾವುದೇ ಖಾತೆ, ಯಾವುದೇ ಪ್ರಕ್ರಿಯೆ ನಿಮ್ಮ ಮಳಿಗೆಯ ಪ್ರತಿ ಕಡತವನ್ನೂ ಓದಬಲ್ಲದು, ತಿದ್ದಬಲ್ಲದು. ಕಾನ್ಫಿಗ್ ಕಡತದಲ್ಲಿ ಡೇಟಾಬೇಸ್‌ನ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ, ಸರಳ ಅಕ್ಷರಗಳಲ್ಲೇ ಇರುತ್ತದೆ. ಅದೇ ಸರ್ವರ್‌ನಲ್ಲಿರುವ ಇನ್ನೊಂದು ಜಾಲತಾಣದ ಹಳೆಯ ಪ್ಲಗಿನ್‌ನ ಮೂಲಕ ಯಾರಾದರೂ ಒಳನುಗ್ಗಿದರೆ ನಿಮ್ಮ ಗ್ರಾಹಕರ ಹೆಸರು, ವಿಳಾಸ, ಖರೀದಿಯ ವಿವರಗಳೆಲ್ಲ ಅವರ ಕೈಸೇರುತ್ತವೆ. ಇದಕ್ಕಿಂತ ಹೆಚ್ಚಿನ ಅಪಾಯ ಇನ್ನೊಂದಿದೆ. ಪಾವತಿ ಪುಟದ ಕೋಡ್‌ನೊಳಗೆ ಕೆಲವೇ ಸಾಲುಗಳ ಜಾವಾಸ್ಕ್ರಿಪ್ಟ್ ಸೇರಿಸಿ, ಗ್ರಾಹಕರು ತುಂಬುವ ಕಾರ್ಡ್ ವಿವರಗಳನ್ನು ಕದ್ದು ಸಾಗಿಸುವ ದಾಳಿಗಳು ಮೇಜ್‌ಕಾರ್ಟ್ ಎಂಬ ಹೆಸರಿನಿಂದ ಕುಖ್ಯಾತವಾಗಿವೆ. ಯಾರು ಬೇಕಾದರೂ ಬರೆಯಬಹುದಾದ ಕೋಡ್ ಅಂಥವರಿಗೆ ದಾರಿಯನ್ನು ಸಲೀಸು ಮಾಡಿಕೊಡುತ್ತದೆ. ಇನ್ನು ಕೆಲವು ಸರ್ವರ್‌ಗಳಲ್ಲಿ 777 ಕೆಲಸಕ್ಕೇ ಬರುವುದಿಲ್ಲ: ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದ ಸುಎಕ್ಸೆಕ್ ವ್ಯವಸ್ಥೆಯು ಇತರರು ಬರೆಯಬಹುದಾದ ಪ್ರೋಗ್ರಾಂ ಅನ್ನು ನಡೆಸಲು ನಿರಾಕರಿಸುವುದರಿಂದ ಅಲ್ಲಿ 500 ದೋಷವಷ್ಟೇ ಕಾಣಿಸುತ್ತದೆ.

ಹಾಗಾಗಿ ಮೊದಲು ಪಿಎಚ್‌ಪಿ ಯಾರ ಹೆಸರಿನಲ್ಲಿ ನಡೆಯುತ್ತಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಆ ಖಾತೆಯ ಹೆಸರು ಸಾಮಾನ್ಯವಾಗಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ರೆಡ್‌ಹ್ಯಾಟ್ ಬಳಗದ ವಿತರಣೆಗಳಲ್ಲಿ ಅದು ಅಪಾಚೆ. ಅಲ್ಲಿ ವೆಬ್ ಸರ್ವರ್ ಆಗಿ ಎಂಜಿನ್‌ಎಕ್ಸ್ ಬಳಸಿದರೂ ಪಿಎಚ್‌ಪಿಯನ್ನು ನಡೆಸುವ ಸೇವೆಯಾದ ಪಿಎಚ್‌ಪಿ-ಎಫ್‌ಪಿಎಂ ಮೂಲತಃ ಅಪಾಚೆ ಖಾತೆಯಲ್ಲೇ ನಡೆಯುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಊಹಿಸುವ ಬದಲು, ನಡೆಯುತ್ತಿರುವ ಪ್ರಕ್ರಿಯೆಗಳ ಪಟ್ಟಿಯನ್ನು ಪಿಎಸ್ ಆದೇಶದಿಂದ ನೋಡಿ ಅಥವಾ ಎಫ್‌ಪಿಎಂನ ಪೂಲ್ ಎಂಬ ಸಂರಚನಾ ಕಡತದಲ್ಲಿ ಬಳಕೆದಾರ ಮತ್ತು ಗುಂಪಿನ ಸಾಲುಗಳನ್ನು ಓದಿ ಖಚಿತಪಡಿಸಿಕೊಳ್ಳಿ.

ಅದು ತಿಳಿದ ಮೇಲೆ ನಾನು ಸೂಚಿಸುವ ಏರ್ಪಾಡು ಹೀಗಿದೆ. ಎಲ್ಲ ಕಡತಗಳ ಒಡೆಯ ನಿಮ್ಮ ಸ್ವಂತ ಲಾಗಿನ್ ಖಾತೆಯೇ ಆಗಿರಲಿ, ಗುಂಪು ಮಾತ್ರ ಪಿಎಚ್‌ಪಿ ನಡೆಯುವ ಖಾತೆಯದ್ದಾಗಿರಲಿ. ಇದನ್ನು ಸಿಎಚ್‌ಓನ್ ಆದೇಶದಿಂದ ಒಮ್ಮೆಗೇ ಮಾಡಬಹುದು. ಬಳಿಕ ಫೋಲ್ಡರ್‌ಗಳಿಗೆ 755, ಕಡತಗಳಿಗೆ 644 ಅನುಮತಿ ಕೊಡಿ. ಇವೆರಡನ್ನೂ ಬೇರೆ ಬೇರೆಯಾಗಿ ಕೊಡಬೇಕಾದ್ದರಿಂದ ಫೈಂಡ್ ಆದೇಶದ ನೆರವು ಪಡೆಯಿರಿ. ಫೋಲ್ಡರ್‌ನ ವಿಷಯದಲ್ಲಿ ಕಾರ್ಯಗತಗೊಳಿಸುವ ಅನುಮತಿ ಎಂದರೆ ಅದರೊಳಗೆ ಪ್ರವೇಶಿಸುವ ಅನುಮತಿ. ಫೋಲ್ಡರ್‌ಗಳೂ ಸೇರಿ ಎಲ್ಲಕ್ಕೂ 644 ಕೊಟ್ಟುಬಿಟ್ಟರೆ ಯಾವ ಪುಟವೂ ತೆರೆಯುವುದಿಲ್ಲ. ಈಗ ಪಿಎಚ್‌ಪಿ ಎಲ್ಲವನ್ನೂ ಓದಬಲ್ಲದು, ಯಾವುದನ್ನೂ ತಿದ್ದಲಾರದು. ಅದು ನಿಜವಾಗಿಯೂ ಬರೆಯಬೇಕಾದ ಸ್ಥಳಗಳು ಬೆರಳೆಣಿಕೆಯಷ್ಟೇ: ಉತ್ಪನ್ನಗಳ ಚಿತ್ರಗಳಿರುವ ಇಮೇಜ್ ಫೋಲ್ಡರ್, ಸಿಸ್ಟಂ ಫೋಲ್ಡರ್‌ನೊಳಗಿನ ಸ್ಟೋರೇಜ್, ಹಾಗೂ ಸ್ಥಾಪನೆಯ ಹೊತ್ತಿನಲ್ಲಿ ಮಾತ್ರ ಎರಡು ಕಾನ್ಫಿಗ್ ಕಡತಗಳು. ಇಷ್ಟಕ್ಕೆ ಮಾತ್ರ ಗುಂಪಿಗೆ ಬರೆಯುವ ಅನುಮತಿ ಕೊಡಿ, ಎಂದರೆ ಆ ಫೋಲ್ಡರ್‌ಗಳಿಗೆ 775, ಕಾನ್ಫಿಗ್ ಕಡತಗಳಿಗೆ 660.

ಆ ಎರಡು ಕಾನ್ಫಿಗ್ ಕಡತಗಳ ಬಗ್ಗೆ ಒಂದು ಮಾತು. ಓಪನ್‌ಕಾರ್ಟ್‌ನ ಜಿಪ್ ಕಡತವನ್ನು ಬಿಚ್ಚಿದಾಗ ಅಪ್‌ಲೋಡ್ ಎಂಬ ಫೋಲ್ಡರ್ ಸಿಗುತ್ತದೆ. ವೆಬ್ ರೂಟ್‌ಗೆ, ಎಂದರೆ ಜಾಲತಾಣವಾಗಿ ಕಾಣಿಸುವ ಫೋಲ್ಡರ್‌ಗೆ, ಹೋಗಬೇಕಾದದ್ದು ಅದರ ಒಳಗಿನ ಕಡತಗಳೇ ಹೊರತು ಆ ಫೋಲ್ಡರ್ ಅಲ್ಲ. ಅದರಲ್ಲಿ ಒಂದು, ಅಡ್ಮಿನ್ ಫೋಲ್ಡರ್‌ನಲ್ಲಿ ಇನ್ನೊಂದು ಹೀಗೆ ಕಾನ್ಫಿಗ್-ಡಿಸ್ಟ್.ಪಿಎಚ್‌ಪಿ ಎಂಬ ಕಡತಗಳಿರುತ್ತವೆ. ಎರಡರ ಹೆಸರನ್ನೂ ಕಾನ್ಫಿಗ್.ಪಿಎಚ್‌ಪಿ ಎಂದು ನೀವೇ ಬದಲಿಸಬೇಕು. ಇಲ್ಲವಾದರೆ ಕಡತವೇ ಇಲ್ಲವೆಂದು ಸ್ಥಾಪನಾ ಪುಟ ದೂರುತ್ತದೆ, ಅದನ್ನು ಅನುಮತಿಯ ತೊಡಕೆಂದು ಭಾವಿಸಿ ಎಷ್ಟೋ ಮಂದಿ ದಾರಿ ತಪ್ಪುತ್ತಾರೆ.

ಇಷ್ಟಾದ ಮೇಲೂ ತೊಡಕು ಉಳಿದರೆ ಎರಡು ಕಡೆ ಹುಡುಕಿ. ಮೊದಲನೆಯದು ಮೇಲಿನ ಫೋಲ್ಡರ್‌ಗಳು: ಒಂದು ಕಡತವನ್ನು ತಲುಪಬೇಕಾದರೆ ಅದರ ದಾರಿಯಲ್ಲಿರುವ ಪ್ರತಿಯೊಂದು ಫೋಲ್ಡರ್‌ಗೂ ಪ್ರವೇಶದ ಅನುಮತಿ ಬೇಕು. ಉಬುಂಟು 21.04ರಿಂದೀಚೆಗೆ ಹೊಸ ಬಳಕೆದಾರರ ಹೋಂ ಫೋಲ್ಡರ್‌ಗಳಿಗೆ 750 ಅನುಮತಿ ಇರುತ್ತದೆ, ಆದ್ದರಿಂದ ಅಲ್ಲಿ ಇಟ್ಟ ಮಳಿಗೆಯನ್ನು ವೆಬ್ ಸರ್ವರ್ ತಲುಪುವುದೇ ಇಲ್ಲ. ಎನ್‌ಎಎಂಇಐ ಎಂಬ ಆದೇಶ (-l ಆಯ್ಕೆಯೊಂದಿಗೆ) ದಾರಿಯುದ್ದಕ್ಕೂ ಯಾರಿಗೆ ಏನು ಅನುಮತಿಯಿದೆ ಎಂಬುದನ್ನು ಸಾಲಾಗಿ ತೋರಿಸುತ್ತದೆ. ಇದಕ್ಕಿಂತ ಉಪಯುಕ್ತವಾದ, ಇದಕ್ಕಿಂತ ಕಡಿಮೆ ಬಳಕೆಯಲ್ಲಿರುವ ಆದೇಶ ಈ ಕೆಲಸದಲ್ಲಿ ಇನ್ನೊಂದಿಲ್ಲವೆಂದೇ ನನ್ನ ಭಾವನೆ. ಎರಡನೆಯದು ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ. ರೆಡ್‌ಹ್ಯಾಟ್ ಬಳಗದಲ್ಲಿ ಇದು ಸಾಮಾನ್ಯ ಅನುಮತಿಗಳ ಮೇಲೆ ಇನ್ನೊಂದು ಪದರವಾಗಿ ಕೆಲಸ ಮಾಡುತ್ತದೆ, ಆದ್ದರಿಂದ ಅಲ್ಲಿ 777 ಕೊಟ್ಟರೂ ಬರೆಯುವಿಕೆ ನಿರಾಕೃತವಾಗಬಹುದು. ಇದಕ್ಕೆ ಎಸ್‌ಇಲಿನಕ್ಸ್ ಅನ್ನೇ ನಿಷ್ಕ್ರಿಯಗೊಳಿಸುವುದು ಪರಿಹಾರವಲ್ಲ. ಪಿಎಚ್‌ಪಿ ಬರೆಯಬೇಕಾದ ಫೋಲ್ಡರ್‌ಗಳಿಗೆ ಮಾತ್ರ ಎಚ್‌ಟಿಟಿಪಿಡಿ_ಸಿಸ್_ಆರ್‌ಡಬ್ಲ್ಯೂ_ಕಂಟೆಂಟ್_ಟಿ ಎಂಬ ಲೇಬಲ್ ಅನ್ನು ಎಸ್‌ಇಮ್ಯಾನೇಜ್ ಮೂಲಕ ನಮೂದಿಸಿ, ರಿಸ್ಟೋರ್‌ಕಾನ್ ಆದೇಶದಿಂದ ಅನ್ವಯಿಸಿ. ಸಿಎಚ್‌ಕಾನ್ ಬಳಸಿದರೂ ಲೇಬಲ್ ಬದಲಾಗುತ್ತದೆ, ಆದರೆ ಮುಂದೆ ಲೇಬಲ್‌ಗಳನ್ನು ಮರುಸ್ಥಾಪಿಸಿದಾಗ ಅದು ಅಳಿಸಿಹೋಗುತ್ತದೆ. ಪಾವತಿ ಸೇವೆಯೊಂದಿಗೆ ಸಂಪರ್ಕ ಆಗುತ್ತಿಲ್ಲವೆಂದರೆ ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಎಂಬ ಆಯ್ಕೆಯನ್ನೂ ಪರಿಶೀಲಿಸಿ.

ಅನುಮತಿಯ ಹಂತ ದಾಟಿದವರನ್ನು ಮುಂದೆ ತಡೆಯುವುದು ಡೇಟಾಬೇಸ್. ಮರಿಯಾಡಿಬಿ ಎಂಬ ಡೇಟಾಬೇಸ್ ತಂತ್ರಾಂಶದ ರೂಟ್ (ಸರ್ವಾಧಿಕಾರದ) ಖಾತೆ ಈಗ ಬಹುತೇಕ ವಿತರಣೆಗಳಲ್ಲಿ ಪಾಸ್‌ವರ್ಡ್‌ನ ಬದಲು ಯುನಿಕ್ಸ್ ಸಾಕೆಟ್ ಮೂಲಕ, ಸರ್ವರ್‌ನ ರೂಟ್ ಬಳಕೆದಾರನನ್ನೇ ಗುರುತಿಸಿ ಒಳಬಿಡುತ್ತದೆ. ಆದ್ದರಿಂದ ಸ್ಥಾಪನಾ ಪುಟದಲ್ಲಿ ರೂಟ್ ಎಂದು ಬರೆದರೆ ಪ್ರವೇಶ ಸಿಗುವುದಿಲ್ಲ, ಸಿಗಲೂಬಾರದು. ಮಳಿಗೆಗೆಂದೇ ಒಂದು ಡೇಟಾಬೇಸ್ ಅನ್ನು ಯುಟಿಎಫ್8ಎಂಬಿ4 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ರಚಿಸಿ, ಆ ಒಂದರ ಮೇಲೆ ಮಾತ್ರ ಅಧಿಕಾರವಿರುವ ಬಳಕೆದಾರನನ್ನು ಸೃಷ್ಟಿಸಿ.

ಪಿಎಚ್‌ಪಿಯ ವಿಸ್ತರಣೆಗಳಲ್ಲಿ ಕರ್ಲ್, ಜಿಡಿ, ಜಿಪ್, ಓಪನ್‌ಎಸ್‌ಎಸ್‌ಎಲ್, ಎಂಬಿಸ್ಟ್ರಿಂಗ್, ಮೈಎಸ್‌ಕ್ಯೂಎಲ್ಐ ಇರಬೇಕು. ಓಪನ್‌ಕಾರ್ಟ್ 4ಕ್ಕೆ ಪಿಎಚ್‌ಪಿ 8 ಅಥವಾ ಅದರ ಮುಂದಿನ ಆವೃತ್ತಿ ಬೇಕು. ಚಿತ್ರಗಳನ್ನು ಏರಿಸುವ ಮಿತಿ ಮೂಲತಃ 2 ಎಂಬಿ ಇರುವುದರಿಂದ ಅದನ್ನು ಹೆಚ್ಚಿಸಬೇಕಾಗಬಹುದು. ಆಗ ಆದೇಶ ಸಾಲಿನ ಬಳಕೆಗಾಗಿರುವ ಸಿಎಲ್ಐ ಫೋಲ್ಡರ್‌ನ ಪಿಎಚ್‌ಪಿ.ಐಎನ್ಐ ಕಡತವನ್ನು ತಿದ್ದಿದರೆ ಜಾಲತಾಣಕ್ಕೆ ಏನೂ ಆಗುವುದಿಲ್ಲ. ಎಫ್‌ಪಿಎಂ ಅಥವಾ ಅಪಾಚೆ ಫೋಲ್ಡರ್‌ನಲ್ಲಿರುವುದನ್ನು ತಿದ್ದಿ, ಆ ಸೇವೆಯನ್ನು ಮರುಪ್ರಾರಂಭಿಸಬೇಕು.

ಸ್ಥಾಪನೆಯನ್ನು ಆರಂಭಿಸುವ ಮೊದಲೇ ಎಚ್‌ಟಿಟಿಪಿಎಸ್ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ನೀವು ಯಾವ ವಿಳಾಸದಿಂದ ಸ್ಥಾಪನಾ ಪುಟವನ್ನು ತೆರೆಯುತ್ತೀರೋ ಅದೇ ವಿಳಾಸವನ್ನು ಓಪನ್‌ಕಾರ್ಟ್ ಕಾನ್ಫಿಗ್ ಕಡತಗಳಲ್ಲಿ ಬರೆದಿಡುತ್ತದೆ, ಆಮೇಲೆ ಬದಲಿಸಬೇಕೆಂದರೆ ಎರಡೂ ಕಡತಗಳನ್ನು ಕೈಯಾರೆ ತಿದ್ದಬೇಕಾಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ. ಡೊಮೇನ್ ಹೆಸರು ಸರ್ವರ್‌ನತ್ತ ತಿರುಗಿದ್ದು, 80ನೇ ಪೋರ್ಟ್ ತೆರೆದಿದ್ದರೆ ಸರ್ಟ್‌ಬಾಟ್ ಎಂಬ ತಂತ್ರಾಂಶ ಉಳಿದ ಕೆಲಸವನ್ನು ಮಾಡಿಕೊಡುತ್ತದೆ. ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ: ಕಡತಗಳನ್ನು ಏರಿಸಿ ಸ್ಥಾಪನೆ ಮುಗಿಸದೆ ಬಿಟ್ಟರೆ ಆ ವಿಳಾಸ ತಿಳಿದ ಯಾರಾದರೂ ತಾವೇ ಸ್ಥಾಪಿಸಿ ಅಡ್ಮಿನ್ ಆಗಿಬಿಡಬಹುದು. ಆದ್ದರಿಂದ ಕೆಲಸ ಮುಗಿಯುವವರೆಗೆ ನಿಮ್ಮ ಐಪಿ ವಿಳಾಸಕ್ಕೆ ಮಾತ್ರ ಪ್ರವೇಶ ಕೊಡಿ.

ಸ್ಥಾಪನೆ ಮುಗಿದ ಕೂಡಲೇ ಇನ್‌ಸ್ಟಾಲ್ ಫೋಲ್ಡರ್ ಅನ್ನು ಅಳಿಸಿ. ಎರಡು ಕಾನ್ಫಿಗ್ ಕಡತಗಳ ಅನುಮತಿಯನ್ನು 640ಕ್ಕೆ ಇಳಿಸಿ. ಸ್ಟೋರೇಜ್ ಫೋಲ್ಡರ್ ಅನ್ನು ವೆಬ್ ರೂಟ್‌ನ ಹೊರಗೆ ಸಾಗಿಸಿ, ಅಡ್ಮಿನ್ ಫೋಲ್ಡರ್‌ನ ಹೆಸರು ಬದಲಿಸಿ. ಅಡ್ಮಿನ್ ಪುಟವೇ ಈ ಎರಡು ವಿಷಯಗಳನ್ನು ನೆನಪಿಸುತ್ತದೆ, ಆ ಸೂಚನೆಯನ್ನು ಮುಚ್ಚಿ ಮುಂದೆ ಹೋಗಬೇಡಿ. ಸ್ಟೋರೇಜ್ ಅನ್ನು ಕೈಯಾರೆ ಸಾಗಿಸಿದರೆ ಎರಡೂ ಕಾನ್ಫಿಗ್ ಕಡತಗಳಲ್ಲಿ ಅದರ ದಾರಿಯನ್ನು ತಿದ್ದಬೇಕು. ಒಂದನ್ನು ಮರೆತರೆ ಮಳಿಗೆ ತೆರೆದು ಅಡ್ಮಿನ್ ಕೆಡುತ್ತದೆ, ಅಥವಾ ಅದರ ತಿರುವುಮುರುವು. ಬರೆಯಲು ಅನುಮತಿಯಿರುವ ಇಮೇಜ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಕಡತಗಳು ನಡೆಯದಂತೆ ವೆಬ್ ಸರ್ವರ್‌ನ ಸಂರಚನೆಯಲ್ಲಿ ತಡೆಯಿರಿ. ಚಿತ್ರದ ಸೋಗಿನಲ್ಲಿ ಯಾರಾದರೂ ಕೋಡ್ ಏರಿಸಿದರೂ ಅದು ನಿಷ್ಕ್ರಿಯವಾಗಿ ಉಳಿಯುತ್ತದೆ.

ಈ ಬಿಗಿ ಏರ್ಪಾಡಿನಿಂದ ಒಂದು ಅನನುಕೂಲ ಖಂಡಿತ ಉಂಟಾಗುತ್ತದೆ. ಅಡ್ಮಿನ್ ಪುಟದಿಂದ ಹೊಸ ಎಕ್ಸ್‌ಟೆನ್ಶನ್ ಹಾಕಲು ಹೋದಾಗ ಬರೆಯಲಾಗದು ಎಂಬ ಸೂಚನೆ ಮತ್ತೆ ಎದುರಾಗುತ್ತದೆ, ಏಕೆಂದರೆ ಎಕ್ಸ್‌ಟೆನ್ಶನ್ ಎಂದರೆ ಹೊಸ ಕೋಡ್, ಕೋಡ್ ಬರೆಯುವ ಅಧಿಕಾರವನ್ನು ನಾವು ಪಿಎಚ್‌ಪಿಯಿಂದ ಕಿತ್ತುಕೊಂಡಿದ್ದೇವೆ. ಓಪನ್‌ಕಾರ್ಟ್ 4ರಲ್ಲಿ ಇವು ಮುಖ್ಯವಾಗಿ ಎಕ್ಸ್‌ಟೆನ್ಶನ್ ಎಂಬ ಫೋಲ್ಡರ್‌ಗೆ ಹೋಗುತ್ತವೆ. 3ನೇ ಆವೃತ್ತಿಯಲ್ಲಿ ಅಡ್ಮಿನ್, ಕ್ಯಾಟಲಾಗ್ ಮುಂತಾದ ಹಲವೆಡೆ ಹರಡಿಕೊಳ್ಳುತ್ತವೆ. ಹಾಕುವ ಹೊತ್ತಿಗೆ ಆ ಫೋಲ್ಡರ್‌ಗಳ ಗುಂಪಿಗೆ ಬರೆಯುವ ಅನುಮತಿ ಕೊಟ್ಟು, ಮುಗಿದ ತಕ್ಷಣ ಹಿಂಪಡೆಯಿರಿ, ಹೊಸದಾಗಿ ಬಂದ ಕಡತಗಳ ಒಡೆತನವನ್ನೂ ಮತ್ತೆ ನಿಮ್ಮ ಖಾತೆಗೆ ತನ್ನಿ. ಕೊಡುವ ಮತ್ತು ಹಿಂಪಡೆಯುವ ಎರಡು ಚಿಕ್ಕ ಸ್ಕ್ರಿಪ್ಟ್‌ಗಳನ್ನು ಇಂದೇ ಬರೆದಿಟ್ಟುಕೊಂಡರೆ ಅವಸರದ ಗಳಿಗೆಯಲ್ಲಿ 777ರತ್ತ ಕೈ ಹೋಗುವುದಿಲ್ಲ.